ಆಗುಂಬೆಯ ಘಾಟಿಯೂ ನಮ್ಮ ಬಂಡಿಯ ಬ್ರೇಕೂ

ಶಿವಮೊಗ್ಗೆಯಿಂದ ಉಡುಪಿಗೆ ಹೋಗತಕ್ಕವರಿಗೆ ದಾರಿಗಳು ಒಂದಕ್ಕಿಂತ ಹೆಚ್ಚಾಗಿವೆ. ಬಾಳೆಬರೆಯ ಘಾಟಿಯನ್ನಿಳಿದು ಕುಂದಾಪುರದ ಕಡೆಯಿಂದ ಬಳಸಿಕೊಂಡು ಹೋಗುವವರೂ ಉಂಟು. ಆದರೆ ನಮ್ಮ ಮನೆಯಲ್ಲಿ ತಂದೆಯವರ ಕಾಲದಿಂದಲೂ ಉಡುಪಿಯ ದಾರಿಯೆಂದರೆ ಆಗುಂಬೆಯ ದಾರಿಯೊಂದೇ. ಈ ದಾರಿಯ ಚೆಲುವನ್ನು ಬಲ್ಲವರು ಬಹು ಮಂದಿ ಬರೆದಿದ್ದಾರೆ. ನಾವು ಇಲ್ಲಿ ಹೇಳಹೊರಟಿರುವುದು ಆ ಚೆಲುವಿನ ನಡುವೆ ನಮಗೆ ಒದಗಿದ ಒಂದು ಗಂಡಾಂತರವನ್ನೂ, ಅದರಿಂದ ಪಾರಾದ ಮೇಲೆ ನಾವು ಕಲಿತ ನಾಲ್ಕು ಸಂಗತಿಗಳನ್ನೂ. ಮನೆಯಲ್ಲಿ ಮೋಟಾರು ಇಟ್ಟುಕೊಂಡಿರುವ ವಾಚಕರಿಗೆ ಇದು ಅಪ್ರಕೃತವೆನಿಸಲಾರದೆಂದು ನಂಬಿದ್ದೇವೆ.

ನಮ್ಮ ಬಂಡಿಯ ವಿಷಯವಾಗಿ ಎರಡು ಮಾತು. ಅದು ತಂದೆಯವರು 1986ರಲ್ಲಿ ಕೊಂಡ ಅಂಬಾಸಿಡರ್ ಮೋಟಾರು. ಕಲ್ಕತ್ತೆಯ ಸಮೀಪದ ಉತ್ತರಪಾಡಾದ ಕಾರ್ಖಾನೆಯಲ್ಲಿ 2014ರವರೆಗೂ ತಯಾರಾಗುತ್ತಿದ್ದ ಈ ಬಂಡಿಯನ್ನು ಅರಿಯದ ಕನ್ನಡಿಗರಿಲ್ಲ. ಮದುವೆಯ ದಿಬ್ಬಣವಿರಲಿ, ಮಂತ್ರಿಗಳ ಸವಾರಿಯಿರಲಿ, ಒಂದು ಕಾಲದಲ್ಲಿ ಅದೇ ಮುಂದು. ತಂದೆಯವರು ಅದನ್ನು ಮನೆಯ ಹಸುವನ್ನು ಸಾಕಿದಂತೆ ಸಾಕಿದ್ದರು. ಅದಕ್ಕೆಂದು ಬೇರೆಯಾಗಿ ಒಂದು ಲೆಕ್ಕದ ಪುಸ್ತಕವನ್ನಿಟ್ಟು, ಎಣ್ಣೆ ಬದಲಾಯಿಸಿದ ದಿನ, ಚಕ್ರಕ್ಕೆ ಗ್ರೀಸು ಹಾಕಿಸಿದ ದಿನ, ಕೊಟ್ಟ ಹಣ ಎಲ್ಲವನ್ನೂ ದುಂಡಾದ ಅಕ್ಷರಗಳಲ್ಲಿ ಬರೆಯುತ್ತಿದ್ದರು. 2015ರಲ್ಲಿ ಅವರು ತೀರಿಕೊಂಡ ಮೇಲೆ ಬಂಡಿ ನಮ್ಮ ಪಾಲಿಗೆ ಬಂದಿತು. ಪುಸ್ತಕವು ಬಂಡಿಯ ಗೂಡಿನಲ್ಲಿಯೇ ಉಳಿಯಿತು. ಬಂಡಿಯನ್ನು ಓಡಿಸಿದೆವು; ಪುಸ್ತಕವನ್ನು ತೆರೆಯಲಿಲ್ಲ.

2022ರ ಅಕ್ಟೋಬರಿನಲ್ಲಿ, ಮಳೆ ಹಿಂದೆಗೆದ ಹೊಸದರಲ್ಲಿ, ಉಡುಪಿಯ ಕೃಷ್ಣದರ್ಶನಕ್ಕೆಂದು ಹೊರಟೆವು. ಹಿಂದಿನ ಆಸನದಲ್ಲಿ ನಮ್ಮ ತಾಯಿಯವರು, ಅವರ ಇಬ್ಬದಿಗಳಲ್ಲಿ ಹದಿನಾಲ್ಕರ ಮಗಳು ಮತ್ತು ಹತ್ತರ ಮಗ; ಮುಂದೆ ನಮ್ಮ ಮನೆಯವರು. ಹಿಂಬದಿಯ ಪೆಟ್ಟಿಗೆಯಲ್ಲಿ ಹಾಸಿಗೆಯ ಸುರುಳಿಯಿಂದ ಮೊದಲ್ಗೊಂಡು ಬಾಳೆಯ ಗೊನೆಯವರೆಗೆ ಏನೇನಿತ್ತೆಂದು ಹೇಳತಕ್ಕದ್ದಲ್ಲ. ಗಾಜನೂರು, ಸಕ್ರೆಬೈಲು, ಮಂಡಗದ್ದೆ ಹೀಗೆ ತುಂಗೆಯ ಜೊತೆಜೊತೆಯಲ್ಲಿ ದಾರಿ ಸಾಗುತ್ತದೆ. ತೀರ್ಥಹಳ್ಳಿಯಲ್ಲಿ ಹೊಳೆಯ ನಡುವಣ ರಾಮಮಂಟಪವನ್ನು ಮಕ್ಕಳಿಗೆ ತೋರಿಸಿ, ಕಾಫಿ ಕುಡಿದು ಮುಂದೆ ಹೊರಟೆವು. ಅಲ್ಲಿಂದ ಮುಂದೆ ಅಡಕೆಯ ತೋಟಗಳು ಕಿರಿದಾಗುತ್ತ ಕಾಡು ಹಿರಿದಾಗುತ್ತ ಬರುವುದು. ಆಗುಂಬೆಯ ಬೀದಿಯನ್ನು ಸೇರುವಾಗ ಹೊತ್ತು ಮಧ್ಯಾಹ್ನ ಮೀರಿದ್ದಿತು.

ಆಗುಂಬೆ ಸಮುದ್ರಮಟ್ಟಕ್ಕಿಂತ ಸುಮಾರು 640 ಮೀಟರು ಎತ್ತರದಲ್ಲಿದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕು ಮಳೆ ಸುರಿಯುವುದರಿಂದ ಅದನ್ನು ದಕ್ಷಿಣದ ಚಿರಾಪುಂಜಿಯೆಂದು ಕರೆಯುವುದುಂಟು. ಗೋಡೆಗಳ ಮೇಲೆ ಪಾಚಿ, ಹಂಚಿನ ಮೇಲೆ ಪಾಚಿ, ಮೈಲಿಗಲ್ಲಿನ ಮೇಲೂ ಪಾಚಿ. ಹಪ್ಪಳ ಸಂಡಿಗೆಗಳನ್ನು ಅಲ್ಲಿನ ಗೃಹಿಣಿಯರು ಅಟ್ಟದ ಮೇಲೆ ಒಲೆಯ ಶಾಖಕ್ಕೆ ಕಾಪಾಡಿಕೊಳ್ಳಬೇಕಾದುದು ಮಲೆನಾಡಿನವರಿಗೆ ಗೊತ್ತಿರುವ ಮಾತೇ. ಹಪ್ಪಳದ ಮಾತು ಇಲ್ಲಿ ಏಕೆ ಬಂತೆಂಬುದು ಮುಂದೆ ತಿಳಿಯುವುದು.

ಊರು ದಾಟಿ ಸ್ವಲ್ಪ ದೂರ ಹೋದರೆ ಸೂರ್ಯಾಸ್ತವನ್ನು ನೋಡುವ ಕಟ್ಟೆ. ಆಕಾಶ ತಿಳಿಯಾಗಿದ್ದ ದಿನ ಅಲ್ಲಿಂದ ಅರಬ್ಬೀ ಸಮುದ್ರ ಗೋಚರವಾಗುತ್ತದೆ. ಅಲ್ಲಿಂದಲೇ ಘಾಟಿ ಆರಂಭ. 14 ಕಡಿದಾದ ತಿರುವುಗಳಲ್ಲಿ ದಾರಿಯು ಹಾವು ಸುತ್ತಿಕೊಂಡಂತೆ ಸುತ್ತಿಕೊಂಡು, ಸೋಮೇಶ್ವರದ ಕಾಡಿಗೆ ಇಳಿಯುತ್ತದೆ. ತಿರುವುಗಳು ಎಷ್ಟು ಕಿರಿದೆಂದರೆ ದೊಡ್ಡ ಬಸ್ಸುಗಳು ಅಲ್ಲಿ ಹೊರಳಲಾರವು. ಚಿಕ್ಕ ಬಸ್ಸುಗಳದೇ ಸಂಚಾರ.

ಮೊದಲಿನ ನಾಲ್ಕೈದು ತಿರುವುಗಳನ್ನು ಇಳಿದುದು ಬಹು ಸುಖವಾಗಿಯೇ ಇತ್ತು. ಬಂಡಿಯನ್ನು ಮೂರನೆಯ ಗೇರಿನಲ್ಲಿ ಬಿಟ್ಟು, ವೇಗ ಹೆಚ್ಚಿತೆಂದಾಗಲೆಲ್ಲ ಬ್ರೇಕನ್ನು ಮೆಲ್ಲಗೆ ಒತ್ತಿಕೊಂಡೇ ಇದ್ದೆವು. ಹೀಗೆ ಒತ್ತಿ ಹಿಡಿಯುವುದೇ ಎಚ್ಚರಿಕೆಯ ಲಕ್ಷಣವೆಂದು ನಮ್ಮ ಭಾವನೆ. ಆರನೆಯ ತಿರುವಿನಲ್ಲಿ ತಾಯಿಯವರು, “ಏನೋ ಸೀದ ವಾಸನೆ ಬರುತ್ತಿದೆಯಲ್ಲೋ” ಎಂದರು. ಅರವತ್ತು ವರ್ಷ ಒಲೆಯ ಮುಂದೆ ನಿಂತವರ ಮೂಗು ಅದು. ನಾವು, “ಹಳೆಯ ಬಂಡಿ ಅಮ್ಮ, ಅದರ ಮೈವಾಸನೆಯೇ ಹಾಗೆ” ಎಂದು ನಕ್ಕು ಬಿಟ್ಟೆವು. ಮಗಳು ಕಿಟಕಿಯ ಗಾಜನ್ನು ಇಳಿಸಿದಳು. ವಾಸನೆ ಹೊರಗಿನಿಂದಲೇ ಇನ್ನೂ ಹೆಚ್ಚಾಗಿ ಬಂದಿತು.

ಒಂಬತ್ತನೆಯ ತಿರುವು ಎದುರಿಗೆ ಕಂಡಾಗ ಬ್ರೇಕನ್ನು ಒತ್ತಿದೆವು. ಪೆಡಲು ಬೆಣ್ಣೆಯಲ್ಲಿ ಹೂತಂತೆ ನೆಲಕ್ಕೆ ಇಳಿಯಿತು. ಬಂಡಿ ಮಾತ್ರ ನಿಲ್ಲಲಿಲ್ಲ. ಆ ಕ್ಷಣದಲ್ಲಿ ಮನಸ್ಸು ಏನು ಯೋಚಿಸಿತೆಂದು ಈಗ ಬರೆಯಹೊರಟರೆ ಅದು ಸುಳ್ಳಾದೀತು, ಯೋಚನೆಗೆ ವೇಳೆಯಿರಲಿಲ್ಲ. ಪೆಡಲನ್ನು ಮತ್ತೆ ಮತ್ತೆ ತುಳಿದೆವು. ಮೂರನೆಯ ತುಳಿತಕ್ಕೆ ಏನೋ ಒಂದಿಷ್ಟು ಹಿಡಿತ ಸಿಕ್ಕಿತು. ಕೈ ತಾನಾಗಿ ಗೇರು ಕಡ್ಡಿಯನ್ನು ಎರಡಕ್ಕೆ ಎಳೆಯಿತು. ಎಂಜಿನು ಗರ್ಜಿಸಿತು. ಹ್ಯಾಂಡ್ ಬ್ರೇಕನ್ನು ಎಳೆದು, ಬಂಡಿಯ ಮೂತಿಯನ್ನು ಗುಡ್ಡದ ಮಗ್ಗುಲಿಗೆ ತಿರುಗಿಸಿದೆವು. ಚಕ್ರ ಚರಂಡಿಗೆ ಇಳಿದು, ಬಂಡಿಯ ಪಕ್ಕ ಮಣ್ಣಿನ ಗೋಡೆಗೆ ಉಜ್ಜಿ, ನಿಂತಿತು. ಇನ್ನೊಂದು ಮಗ್ಗುಲಲ್ಲಿ ಏನಿತ್ತೆಂದು ಆ ದಾರಿಯಲ್ಲಿ ಹೋದವರು ಬಲ್ಲರು.

ಯಾರಿಗೂ ಪೆಟ್ಟಾಗಲಿಲ್ಲ. ಮಗ ಅಳಲಿಲ್ಲ, ಬಹಳ ಹೊತ್ತು ಮಾತನ್ನೇ ಆಡಲಿಲ್ಲ. ತಾಯಿಯವರು ಮಾತ್ರ, “ನಾನು ಹೇಳಿದೆ” ಎನ್ನದೆ, ಮಕ್ಕಳಿಬ್ಬರ ಕೈಗಳನ್ನು ತಮ್ಮ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು.

ಕೆಳಗಿನಿಂದ ಏರಿ ಬರುತ್ತಿದ್ದ ಚಿಕ್ಕ ಬಸ್ಸೊಂದು ನಿಂತಿತು. ಅದರ ಚಾಲಕ ಇಳಿದು ಬಂದು ಮುಂಚಕ್ರದ ಬಳಿ ಮೂಗು ಹಿಡಿದ. ನಾವು ಆಗ ನೀರಿನ ಕ್ಯಾನನ್ನು ಎತ್ತಿಕೊಂಡು ಹೊಗೆಯಾಡುತ್ತಿದ್ದ ಚಕ್ರಕ್ಕೆ ಸುರಿಯಲು ಹೊರಟಿದ್ದೆವು. ಆತ ಕೈ ಹಿಡಿದು ತಡೆದ. “ನೀರು ಹೊಯ್ಯಬೇಡಿ ಮಾರಾಯ್ರೇ, ಕಾದ ಡ್ರಮ್ಮು ಬಿರಿಯುತ್ತದೆ. ಒಂದು ಗಂಟೆ ಸುಮ್ಮನೆ ಕುಳಿತುಕೊಳ್ಳಿ. ತಣಿದ ಮೇಲೆ ಬ್ರೇಕು ತಾನಾಗಿ ಬರುತ್ತದೆ. ಬಂತೆಂದು ನಂಬಬೇಡಿ. ಮೊದಲನೆಯ ಗೇರಿನಲ್ಲಿಯೇ ಇಳಿಯಿರಿ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಬೇಕು, ಈ ಘಾಟಿಯಲ್ಲಿ ಎಲ್ಲರಿಗೂ ಅದೇ ಲೆಕ್ಕ.” ಬಸ್ಸಿನ ನಾಲ್ಕು ಮಂದಿ ಸೇರಿ ಬಂಡಿಯನ್ನು ಚರಂಡಿಯಿಂದ ಎತ್ತಿಕೊಟ್ಟರು. ತಾಯಿಯವರು ಆತನಿಗೆ ಬಾಳೆಯ ಚಿಪ್ಪೊಂದನ್ನು ಕೊಟ್ಟರು. ಆತನ ಹೆಸರನ್ನು ಕೇಳಲು ನಾವು ಮರೆತುದು ಇಂದಿಗೂ ನಮ್ಮನ್ನು ಬಾಧಿಸುತ್ತದೆ.

ಆತ ಹೇಳಿದಂತೆಯೇ ಆಯಿತು. ಒಂದು ಗಂಟೆಯ ಮೇಲೆ ಪೆಡಲು ಎಂದಿನಂತೆ ಗಟ್ಟಿಯಾಗಿ ನಿಂತಿತು. ಏನೂ ನಡೆದೇ ಇಲ್ಲವೆಂಬಂತೆ ಇದ್ದ ಆ ಬ್ರೇಕನ್ನು ಕಂಡು ನಮಗೆ ಮೊದಲಿಗಿಂತ ಹೆಚ್ಚು ಭಯವಾಯಿತು. ಬಂಡಿಯನ್ನು ನಿಲ್ಲಿಸಿಯೇ ಮೊದಲನೆಯ ಗೇರಿಗೆ ಹಾಕಿಕೊಂಡು ಹೊರಟೆವು. ಉಳಿದ ತಿರುವುಗಳನ್ನು ಇಳಿದು ಸೋಮೇಶ್ವರವನ್ನು ಸೇರುವಾಗ ಕತ್ತಲಾಗಿತ್ತು. ಹೆಬ್ರಿಯ ಮೂಲಕ ಉಡುಪಿಯನ್ನು ಮುಟ್ಟಿದುದು ರಾತ್ರಿ ಊಟದ ಹೊತ್ತು ಕಳೆದ ಮೇಲೆ.

ಮರುದಿನ ದರ್ಶನವಾದ ಮೇಲೆ ಅಲ್ಲಿನ ಒಬ್ಬ ವೃದ್ಧ ಮೇಸ್ತ್ರಿಯ ಬಳಿಗೆ ಬಂಡಿಯನ್ನು ಒಯ್ದೆವು. ಅವರು ಮಾತಿಗೆ ಮೊದಲು ಬ್ರೇಕ್ ಆಯಿಲಿನ ಡಬ್ಬಿಯ ಮುಚ್ಚಳವನ್ನು ತೆಗೆದು, ಒಂದಿಷ್ಟನ್ನು ಗಾಜಿನ ಲೋಟಕ್ಕೆ ಎಳೆದು ಬಿಸಿಲಿಗೆ ಹಿಡಿದರು. ಹೊಸದಾದರೆ ತೆಳು ಜೇನಿನ ಬಣ್ಣವಿರಬೇಕಾದುದು, ನಮ್ಮ ಮನೆಯ ಕಾಫಿಯ ಡಿಕಾಕ್ಷನ್ನಿನಂತೆ ಕಪ್ಪಗಿತ್ತು. “ಇದನ್ನು ಬದಲಾಯಿಸಿ ಎಷ್ಟು ವರ್ಷವಾಯಿತು?” ಎಂದರು. ನಾವು ಉತ್ತರವಿಲ್ಲದೆ ಬಂಡಿಯ ಗೂಡಿನಿಂದ ತಂದೆಯವರ ಪುಸ್ತಕವನ್ನು ತೆಗೆದೆವು. ಕೊನೆಯ ಪುಟದಲ್ಲಿ ಅವರ ಅಕ್ಷರದಲ್ಲಿಯೇ ಇತ್ತು: ‘12-5-2014. ಬ್ರೇಕ್ ಆಯಿಲ್ ಪೂರಾ ಬದಲು.’ ಅದರ ಕೆಳಗೆ ಬರಿಯ ಗೆರೆಗಳು. ಒಂಬತ್ತು ಮಳೆಗಾಲ ಕಳೆದಿದ್ದವು. ನಮ್ಮೂರಿನ ಕಾರ್ಖಾನೆಯೊಂದರಲ್ಲಿ ವರ್ಷಕ್ಕೊಮ್ಮೆ ಬಂಡಿಯನ್ನು ಬಿಡುತ್ತಿದ್ದೆವು. ಕಡಮೆಯಾದಷ್ಟನ್ನು ಅವರು ತುಂಬುತ್ತಿದ್ದರು. ಬದಲಾಯಿಸಿರೆಂದು ನಾವು ಕೇಳಿದ್ದಿಲ್ಲ.

ಈ ಎಣ್ಣೆಯ ಗುಣವನ್ನು ಮೇಸ್ತ್ರಿಯವರು ವಿವರಿಸಿದಾಗ ನಮಗೆ ನೆನಪಾದುದು ಆಗುಂಬೆಯ ಹಪ್ಪಳ. ಉಪ್ಪು, ಬೆಲ್ಲ, ಹಪ್ಪಳಗಳು ಮಳೆಗಾಲದಲ್ಲಿ ಗಾಳಿಯ ತೇವವನ್ನು ಹೀರುವಂತೆ ಬ್ರೇಕ್ ಆಯಿಲ್ ಸಹ ಹೀರುತ್ತದೆ. ಮುಚ್ಚಳದ ಸಂದಿಯಿಂದಲೂ, ರಬ್ಬರಿನ ಕೊಳವೆಗಳ ಮೈಯಿಂದಲೂ ತೇವ ಒಳಗಿಳಿಯುತ್ತದೆ. ಡಾಟ್ 3 ಎಂಬ ದರ್ಜೆಯ ಹೊಸ ಎಣ್ಣೆ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದೆಂದು ಕಟ್ಟಳೆ. ನೂರಕ್ಕೆ ಮೂರುಮುಕ್ಕಾಲು ಪಾಲಿನಷ್ಟು ನೀರು ಸೇರಿತೆಂದರೆ ಅದೇ ಎಣ್ಣೆ 140ಕ್ಕೇ ಕುದಿಯಬಹುದು. ಡಾಟ್ 4 ದರ್ಜೆಗೆ ಈ ಅಂಕಿಗಳು 230 ಮತ್ತು 155. ದ್ರವವನ್ನು ಒತ್ತಿದರೆ ಅದು ಕುಗ್ಗುವುದಿಲ್ಲ. ಕಾಲಿನ ಒತ್ತಡವನ್ನು ಹಾಗೆಯೇ ಚಕ್ರಕ್ಕೆ ಮುಟ್ಟಿಸುತ್ತದೆ. ಕುದಿದು ಆವಿಯಾಯಿತೋ, ಆವಿ ಕುಗ್ಗುತ್ತದೆ. ಕಾಲು ನೆಲ ಮುಟ್ಟಿದರೂ ಚಕ್ರಕ್ಕೆ ಸುದ್ದಿ ಮುಟ್ಟುವುದಿಲ್ಲ. ತಣಿದಾಗ ಆವಿ ಮತ್ತೆ ದ್ರವವಾಗುತ್ತದೆ, ಬ್ರೇಕು ಬಂದಂತೆ ಕಾಣುತ್ತದೆ. ಬಸ್ಸಿನ ಚಾಲಕ ನಂಬಬೇಡಿರೆಂದುದು ಇದಕ್ಕೆ.

ಇಷ್ಟೊಂದು ಶಾಖ ಎಲ್ಲಿಂದ ಬಂತು? ಮಗಳು ಶಾಲೆಯ ಗಣಿತದಿಂದ ಇದನ್ನು ಲೆಕ್ಕ ಹಾಕಿದಳು. ಜನ, ಸಾಮಾನು ಸೇರಿ ಬಂಡಿಯ ತೂಕ ಸುಮಾರು 1,500 ಕಿಲೋಗ್ರಾಂ. ಇಳಿದ ಎತ್ತರ ಸುಮಾರು ಅರ್ಧ ಕಿಲೋಮೀಟರು. ಅದನ್ನು ಬ್ರೇಕಿನಿಂದಲೇ ಹಿಡಿದು ಇಳಿಸಿದರೆ, ಹುಟ್ಟುವ ಶಾಖದಲ್ಲಿ 20 ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಹದಕ್ಕೆ ತರಬಹುದು. ಬಚ್ಚಲ ಹಂಡೆಯನ್ನು ನಾಲ್ಕು ಚಕ್ರಗಳ ಒಳಗೆ ಕಾಯಿಸುತ್ತ ನಾವು ಬಂದಿದ್ದೆವು. ಗೇರಿನಲ್ಲಿ ಇಳಿದರೆ ಆ ಶಾಖದ ಬಹುಭಾಗವನ್ನು ಎಂಜಿನು ಹೊತ್ತು ಗಾಳಿಗೆ ಬಿಡುತ್ತದೆ.

ಮೇಸ್ತ್ರಿಯವರು ಇನ್ನೊಂದು ಭೇದವನ್ನೂ ಹೇಳಿದರು. ಅದನ್ನು ಪ್ರತಿಯೊಬ್ಬ ಚಾಲಕನೂ ನೆನಪಿಡತಕ್ಕದ್ದು. ಪೆಡಲು ಮೆತ್ತಗಾಗಿ ಇಳಿದುಹೋದರೆ ದೋಷ ಎಣ್ಣೆಯದು: ಕುದಿದಿದೆ, ಸೋರಿದೆ, ಇಲ್ಲವೆ ಗಾಳಿ ಸೇರಿದೆ. ಪೆಡಲು ಕಲ್ಲಿನಂತೆ ಗಟ್ಟಿಯಾಗಿದ್ದೂ ಬಂಡಿ ನಿಲ್ಲದಿದ್ದರೆ, ಡ್ರಮ್ಮಿನೊಳಗಿನ ಲೈನಿಂಗು ಕಾದು ಹಿಡಿತ ಕಳೆದುಕೊಂಡಿದೆ. ನಮ್ಮ ಬಂಡಿಗೆ ಎರಡೂ ರೋಗಗಳು ಒಟ್ಟಿಗೆ ಹಿಡಿದಿದ್ದವು. ಡ್ರಮ್ಮು ಕಾದಂತೆ ಹಿಗ್ಗಿ ಲೈನಿಂಗಿನಿಂದ ದೂರ ಸರಿಯುತ್ತದೆ. ಒಳಗಿನ ಶಾಖ ಹೊರಗೆ ಹೋಗಲು ದಾರಿ ಸಾಲದು. ಬಿಚ್ಚಿ ನೋಡಿದಾಗ ಲೈನಿಂಗು ಗಾಜಿನಂತೆ ಮಿನುಗುತ್ತಿದ್ದಿತು, ಚಕ್ರದ ಸಿಲಿಂಡರುಗಳ ಒಳಮೈ ತುಕ್ಕು ಹಿಡಿದಿದ್ದಿತು. ಹುಡುಗನೊಬ್ಬ ಡ್ರಮ್ಮಿನ ಧೂಳನ್ನು ಬಾಯಿಂದ ಊದಲು ಹೋದಾಗ ಮೇಸ್ತ್ರಿಯವರು ಗದರಿಸಿದರು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಮೃತ್ಯುಸಮಾನ. ಒದ್ದೆ ಬಟ್ಟೆಯಿಂದ ಒರಸುವುದೇ ಕ್ರಮ.

“ಹಳೆಯದನ್ನೇ ಸರಿಮಾಡಿ ಕೊಡಬಲ್ಲೆ. ಆದರೆ ವರ್ಷಕ್ಕೆ ನಾಲ್ಕು ಸಲ ಘಾಟಿ ಇಳಿಯುವವರಾದರೆ ಮುಂದಿನ ಚಕ್ರಗಳಿಗೆ ಡಿಸ್ಕು ಹಾಕಿಸಿಕೊಳ್ಳಿ” ಎಂದರು. ಇದೇ ಬಂಡಿಯ 1990ರ ದಶಕದ ಮಾದರಿಗಳಲ್ಲಿ ಡಿಸ್ಕು ಬ್ರೇಕು ಬಂದಿತ್ತು. ಅಂಥದರ ಭಾಗಗಳನ್ನು ಹುಡುಕಿ ಜೋಡಿಸುವುದಾಗಿ ಹೇಳಿದರು. ಬಂಡಿಯನ್ನು ಅಲ್ಲಿಯೇ ಬಿಟ್ಟು, ನಾವು ಚಿಕ್ಕ ಬಸ್ಸಿನಲ್ಲಿ ಆಗುಂಬೆಯನ್ನೇರಿ ಮನೆ ಸೇರಿದೆವು.

ಡಿಸ್ಕಿನ ಗುಣ ಸರಳವಾದುದು. ಎರಕದ ಕಬ್ಬಿಣದ ತಟ್ಟೆಯೊಂದು ಗಾಳಿಗೆ ಬಯಲಾಗಿ ತಿರುಗುತ್ತದೆ. ಎರಡು ಕಡೆಯಿಂದ ಪ್ಯಾಡುಗಳು ಇಕ್ಕುಳದಂತೆ ಹಿಡಿಯುತ್ತವೆ. ಕಾದರೆ ಅದು ಪ್ಯಾಡಿನಿಂದ ದೂರ ಸರಿಯುವುದಿಲ್ಲ. ನೀರು ಬಿದ್ದರೂ ಬೇಗ ಒರಸಿಹೋಗುತ್ತದೆ. ಬ್ರೇಕು ಹಿಡಿದಾಗ ಬಂಡಿಯ ಭಾರ ಮುಂದಕ್ಕೆ ವಾಲುವುದರಿಂದ ಮುಂದಿನ ಚಕ್ರಗಳಿಗೇ ಹೆಚ್ಚು ಕೆಲಸ. ಆದುದರಿಂದ ಮುಂದಕ್ಕೆ ಡಿಸ್ಕು, ಹಿಂದಕ್ಕೆ ಡ್ರಮ್ಮು. ಹಿಂದಿನದನ್ನು ಮುಂದಿನದಕ್ಕಿಂತ ಬಲಮಾಡಿದರೆ ಹಿಂಚಕ್ರ ಮೊದಲು ಕಚ್ಚಿ ಬಂಡಿ ಬುಗುರಿಯಾಗುವ ಭಯವುಂಟು. ಡಿಸ್ಕಿಗೆ ಕಾಲಿನ ಬಲ ಹೆಚ್ಚು ಬೇಕಾದುದರಿಂದ ಬೂಸ್ಟರನ್ನೂ ಇರಿಸಿದರು. ಇದು ಎಂಜಿನು ಗಾಳಿಯನ್ನೆಳೆಯುವ ಸೆಳೆತದಿಂದ ನಡೆಯುತ್ತದೆ. ಎಂಜಿನು ನಿಂತರೆ ಒಂದೆರಡು ತುಳಿತಗಳಿಗೆ ಮಾತ್ರ ಅದರ ಸಹಾಯ. ಪೆಟ್ರೋಲು ಉಳಿಸುವೆವೆಂದು ಇಳಿಜಾರಿನಲ್ಲಿ ಎಂಜಿನನ್ನು ಆರಿಸಿ ಬಿಡುವ ಮಹಾನುಭಾವರು ಇದನ್ನು ಗಮನಿಸಬೇಕು. ಇದರೊಡನೆ, ಒಂದೇ ಕೋಣೆಯಿದ್ದ ಮಾಸ್ಟರ್ ಸಿಲಿಂಡರನ್ನು ತೆಗೆದು ಎರಡು ಕೋಣೆಯದನ್ನು ಹಾಕಿದರು. ಒಂದು ಕಡೆ ಸೋರಿದರೂ ಇನ್ನೊಂದು ಜೊತೆ ಚಕ್ರಗಳು ಹಿಡಿಯುತ್ತವೆ. ರಬ್ಬರಿನ ಕೊಳವೆಗಳೆಲ್ಲ ಹೊಸವು. ಹಳೆಯ ಕೊಳವೆಗಳನ್ನು ಉಳಿಸಿಕೊಂಡು ಡಿಸ್ಕು ಹಾಕಿಸುವುದು ಹರಕು ಹಗ್ಗಕ್ಕೆ ಹೊಸ ಕೊಡ ಕಟ್ಟಿದಂತೆ ಎಂಬುದು ಮೇಸ್ತ್ರಿಯವರ ಮಾತು.

ಬಂಡಿಯನ್ನು ತರಲು ನವೆಂಬರಿನಲ್ಲಿ ಮಗನೊಡನೆ ಹೋದಾಗ ಗಾಳಿ ತೆಗೆಯುವ ಕೆಲಸವೊಂದು ಉಳಿದಿತ್ತು. ಮೇಸ್ತ್ರಿಯವರು ಮಗನನ್ನು ಚಾಲಕನ ಆಸನದಲ್ಲಿ ಕೂರಿಸಿದರು. ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರವಾದ ಎಡ ಹಿಂಚಕ್ರದಿಂದ ಆರಂಭ. ತಿರುಪಿನ ಬಾಯಿಗೆ ಪಾರದರ್ಶಕ ಕೊಳವೆ ಸಿಕ್ಕಿಸಿ ಅದರ ತುದಿಯನ್ನು ಎಣ್ಣೆಯ ಸೀಸೆಯಲ್ಲಿ ಮುಳುಗಿಸಿದರು. “ಒತ್ತು ಮಗಾ... ಹಿಡಿದುಕೋ... ಈಗ ಬಿಡು.” ತಿರುಪು ಬಿಗಿಯಾದ ಮೇಲೆಯೇ ಕಾಲನ್ನು ಬಿಡಬೇಕು, ಇಲ್ಲವಾದರೆ ಹೊರಗೆ ಹೋದ ಗಾಳಿ ಹಿಂದಕ್ಕೆ ಬರುತ್ತದೆ. ಗುಳ್ಳೆಗಳು ನಿಂತು ಜೇನಿನ ಬಣ್ಣದ ಧಾರೆ ಬರುವವರೆಗೆ ನಾಲ್ಕು ಚಕ್ರಗಳಿಗೂ ಇದೇ ಕ್ರಮ. ಘಾಟಿಯ ದಿನದಿಂದ ಬಂಡಿಯ ಮುಂದಿನ ಬಾಗಿಲನ್ನೇ ಮುಟ್ಟದಿದ್ದ ಹುಡುಗ ಅಂದು ಕೊನೆಯ ಚಕ್ರದ ಹೊತ್ತಿಗೆ, ಪೆಡಲು ಗಟ್ಟಿಯಾಯಿತೆಂದು ತಾನೇ ಕೂಗಿ ಹೇಳಿದ.

ಈ ಸಂದರ್ಭದಲ್ಲಿ ಮಗಳು ಓದಿ ಹೇಳಿದ ಒಂದು ವೃತ್ತಾಂತವನ್ನು ಹೇಳದಿರಲಾರೆವು. ಮೋಟಾರನ್ನು ನಿರ್ಮಿಸಿದ ಜರ್ಮನಿಯ ಕಾರ್ಲ್ ಬೆಂಜ್ ಎಂಬವರ ಪತ್ನಿ ಬೆರ್ತಾ ಬೆಂಜ್. ಈಕೆ 1888ರ ಆಗಸ್ಟಿನಲ್ಲಿ, ಗಂಡನಿಗೆ ಮುಂದಾಗಿ ತಿಳಿಸದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮಿನಿಂದ ಪ್ಫೋರ್ಜ್‌ಹೈಮಿನ ತವರಿಗೆ ಆ ಬಂಡಿಯಲ್ಲಿ ಹೊರಟಳು. ದಾರಿ ಸುಮಾರು 100 ಕಿಲೋಮೀಟರು. ಇಳಿಜಾರುಗಳಲ್ಲಿ ಮರದ ಬ್ರೇಕಿನ ತುಂಡುಗಳು ಸವೆದುಹೋಗಲು, ದಾರಿಯ ಹಳ್ಳಿಯೊಂದರಲ್ಲಿ ಚಮ್ಮಾರನಿಂದ ಅವಕ್ಕೆ ತೊಗಲು ಹೊಡೆಸಿದಳು. ಇಂದಿನ ಲೈನಿಂಗಿಗೆ ಅದೇ ಮೂಲವೆನ್ನುತ್ತಾರೆ. ಮನೆಗೆ ಬಂದ ಮೇಲೆ, ಗುಡ್ಡಗಳಿಗಾಗಿ ಇನ್ನೊಂದು ಕೆಳಗಿನ ಗೇರು ಬೇಕೆಂದೂ ಗಂಡನಿಗೆ ಹೇಳಿದಳಂತೆ. ಇದನ್ನು ಕೇಳಿ ನಮ್ಮ ತಾಯಿಯವರು, “ಅವಳಿಗಾದರೂ ವಾಸನೆ ಹೊಡೆದಾಗ ಗಾಡಿ ನಿಲ್ಲಿಸುವ ಬುದ್ಧಿಯಿತ್ತು” ಎಂದರು. ನಾವು ಉತ್ತರ ಕೊಡಲಿಲ್ಲ.

ಈಗ ನಮ್ಮ ಮನೆಯ ಕಟ್ಟಳೆ ಹೀಗಿದೆ. ಮಳೆಗಾಲ ಕಳೆದೊಡನೆ ಪ್ರತಿ ಎರಡನೆಯ ವರ್ಷ ಬ್ರೇಕ್ ಆಯಿಲನ್ನು ಪೂರ್ತಿ ಬದಲಾಯಿಸುವುದು. ಬಾಯಿ ತೆರೆದು ಬಹುದಿನ ಇಟ್ಟ ಸೀಸೆಯದನ್ನು ಹಾಕುವುದಿಲ್ಲ. ಎಂಜಿನಿನ ಎಣ್ಣೆಯ ತೊಟ್ಟೂ ಅದಕ್ಕೆ ಸೇರಕೂಡದು, ರಬ್ಬರುಗಳೆಲ್ಲ ಉಬ್ಬಿ ಕೆಡುತ್ತವೆ. ಬಂಡಿಯ ಬಣ್ಣದ ಮೇಲೆ ಚೆಲ್ಲಿದರೆ ಕೂಡಲೆ ನೀರಿನಿಂದ ತೊಳೆಯಬೇಕು. ಡಬ್ಬಿಯಲ್ಲಿ ಎಣ್ಣೆಯ ಮಟ್ಟ ಇಳಿದರೆ ಸುಮ್ಮನೆ ತುಂಬದೆ, ಪ್ಯಾಡು ಸವೆದಿದೆಯೋ ಎಲ್ಲಿಯಾದರೂ ಸೋರುತ್ತಿದೆಯೋ ನೋಡುವುದು.

2023ರ ಫೆಬ್ರುವರಿಯಲ್ಲಿ ಬ್ರಹ್ಮಾವರದ ಮದುವೆಯೊಂದಕ್ಕೆ ಹೋಗಬೇಕಾಯಿತು. ಬಸ್ಸಿನಲ್ಲಿ ಹೋಗೋಣವೆಂದು ನಾವೇ ಅಂದೆವು. ತಾಯಿಯವರು ಒಪ್ಪಲಿಲ್ಲ. ಆಗುಂಬೆಯ ಕಟ್ಟೆಯ ಬಳಿ ಬಂಡಿಯನ್ನು ನಿಲ್ಲಿಸಿ, ಪೆಡಲನ್ನು ಒತ್ತಿ ನೋಡಿ, ಎರಡನೆಯ ಗೇರಿಗೆ ಹಾಕಿ ಇಳಿಯತೊಡಗಿದೆವು. ಎಂಜಿನು ತಾನೇ ಬಂಡಿಯನ್ನು ಹಿಡಿದುಕೊಂಡಿತು. ತಿರುವಿನ ಮುಂಚೆ ಒಮ್ಮೆ ಗಟ್ಟಿಯಾಗಿ ಒತ್ತಿ ವೇಗವನ್ನಿಳಿಸಿ ಕಾಲನ್ನು ತೆಗೆಯುವುದು, ಒತ್ತಿಕೊಂಡೇ ಇರುವುದಿಲ್ಲ. ಮೇಲೇರಿ ಬರುವ ಬಂಡಿಗಳಿಗೆ ನಿಂತು ದಾರಿ ಬಿಟ್ಟೆವು. ಮಗ ತಿರುವುಗಳನ್ನು ಎಣಿಸುತ್ತಿದ್ದ. ಒಂಬತ್ತು ಎಂದು ಕೂಗಿದಾಗ ತಾಯಿಯವರು ನಿಲ್ಲಿಸಲು ಹೇಳಿದರು. ಗುಡ್ಡದ ಮಣ್ಣಿನಲ್ಲಿ ಬಂಡಿ ಉಜ್ಜಿದ ಗುರುತು ಹುಡುಕಿದರೂ ಕಾಣಲಿಲ್ಲ. ಜರಿಗಿಡ ಬೆಳೆದು ಮುಚ್ಚಿದ್ದಿತು. ಅವರು ಇಳಿದು ಮುಂಚಕ್ರದ ಬಳಿಗೆ ಬಗ್ಗಿ ಮೂಸಿ ನೋಡಿ, “ಏನೂ ಇಲ್ಲ, ನಡೆ” ಎಂದರು. ಉಳಿದ ಐದು ತಿರುವುಗಳನ್ನು ಇಳಿದು ಸೋಮೇಶ್ವರದಲ್ಲಿ ಎಳನೀರು ಕುಡಿದೆವು. ತಂದೆಯವರ ಪುಸ್ತಕದಲ್ಲಿ ಅವರ ಕೊನೆಯ ಸಾಲಿನ ಕೆಳಗೆ ಆ ದಿನದ ತಾರೀಖನ್ನು ಮಗಳು ಬರೆದಳು. ನಮ್ಮ ಅಕ್ಷರ ಅಷ್ಟು ದುಂಡಾಗಿಲ್ಲ.